ಹಗ್ಗ ನೆಟ್ಟಗೆ ನಿಲ್ಲುವ ಗುಂಡಿ: ಡೀನ್ಸ್ ಬ್ಲೂ ಹೋಲ್ ಬಗ್ಗೆ ಒಂದಿಷ್ಟು ಮಾತು

ಒಂದೇದಮ್ಮು (ಚರ್ಚೆ ಶುರು ಮಾಡಿದವರು)

ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಮತ್ತೆ ಆ ವಿಡಿಯೊ ಬಂದಿದೆ. ನೀವೂ ನೋಡಿರುತ್ತೀರಿ. ಬೆಳ್ಳನೆ ಮರಳು, ತಿಳಿನೀಲಿ ನೀರು, ನಡುವೆ ಇದ್ದಕ್ಕಿದ್ದಂತೆ ಕಪ್ಪು ಗುಂಡಿ. ಒಬ್ಬ ಮನುಷ್ಯ ನೀರೊಳಗೆ ಅದರ ಅಂಚಿನಲ್ಲಿ ನಿಂತು, ಬೆಟ್ಟದ ತುದಿಯಿಂದ ಹಾರುವವನ ಹಾಗೆ ಒಳಗೆ ಬೀಳುತ್ತಾನೆ. ಕೆಳಗೆ ಬರಹ: "ಆಕ್ಸಿಜನ್ ಇಲ್ಲದೆ 202 ಮೀಟರ್! ಪ್ರಪಂಚದ ಅತಿ ಆಳದ ಗುಂಡಿ! ಯೋಗಶಕ್ತಿ!!" ಚಿಕ್ಕಪ್ಪ ಮೂರು ಸಲ ಕೈಮುಗಿದಿದ್ದಾರೆ. ಅಲ್ಲಿ ತಿದ್ದಲು ಹೋದರೆ ಯುಗಾದಿ ಊಟಕ್ಕೆ ಕರೆಯುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಜಾಗ ಬಹಾಮಾಸ್ ದೇಶದ ಲಾಂಗ್ ಐಲೆಂಡ್. ಕ್ಲಾರೆನ್ಸ್ ಟೌನ್ ಅನ್ನುವ ಊರಿನ ಹತ್ತಿರದ ಒಂದು ಸಣ್ಣ ಕೊಲ್ಲಿ. ಗುಂಡಿಯ ಹೆಸರು ಡೀನ್ಸ್ ಬ್ಲೂ ಹೋಲ್. ಆಳ 202 ಮೀಟರ್, ಅಷ್ಟು ಮಾತ್ರ ನಿಜ. ಹಾರುವವರು ಫ್ರಾನ್ಸಿನ ಗಿಯೋಮ್ ನೆರಿ, ವಿಡಿಯೊ 2010ರದ್ದು, ಕ್ಯಾಮೆರಾ ಹಿಡಿದವರು ಜೂಲಿ ಗೋತಿಯೆ. ಆಕೆಯೂ ಸಿಲಿಂಡರ್ ಇಲ್ಲದೆ, ಉಸಿರು ಹಿಡಿದುಕೊಂಡೇ ತೆಗೆದದ್ದು. ಅದರ ಬಗ್ಗೆ ಯಾರೂ ಕೈಮುಗಿಯುವುದಿಲ್ಲ ನೋಡಿ! ಹಲವು ಸಲ ಮುಳುಗಿ ತೆಗೆದ ತುಣುಕುಗಳನ್ನು ಜೋಡಿಸಿದ ಚಿತ್ರ ಅದು. ನೆರಿ ತಳಕ್ಕೆ ಹೋಗಿಲ್ಲ. ಸ್ವಂತ ಕೈಕಾಲಿನ ಬಲದಲ್ಲಿ 202 ಮೀಟರಿಗೆ ಯಾರೂ ಹೋಗಿಲ್ಲ, ಯಾವ ಸಮುದ್ರದಲ್ಲೂ ಹೋಗಿಲ್ಲ.

ಹಾಗಾದರೆ ಫ್ರೀಡೈವಿಂಗ್ (ಸಿಲಿಂಡರ್ ಇಲ್ಲದೆ ಒಂದೇ ಉಸಿರಿನಲ್ಲಿ ಮುಳುಗುವ ಆಟ) ಮಾಡುವವರೆಲ್ಲ ಆ ಗುಂಡಿ ಅಂದರೆ ಯಾಕೆ ಪ್ರಾಣ ಬಿಡುತ್ತಾರೆ? (ಕೆಟ್ಟ ಪದ ಬಳಸಿದೆ, ಆ ವಿಷಯಕ್ಕೆ ಆಮೇಲೆ ಬರುತ್ತೇನೆ.)

ನಾನು ಅಲ್ಲಿಗೆ ಹೋಗಿಲ್ಲ. ಎರಡು ವರ್ಷದ ಹಿಂದೆ ಈಜಿಪ್ಟಿನ ದಹಾಬ್‌ನಲ್ಲಿ ಎಂಟು ದಿನ ಕಲಿತೆ, ಅಲ್ಲೂ ಒಂದು ಬ್ಲೂ ಹೋಲ್ ಇದೆ. ನಮಗೆ ಕಲಿಸಿದವರು ಎರಡೂ ಕಡೆ ಮುಳುಗಿದವರು. ಊಟಕ್ಕೆ ಕೂತರೆ ಡೀನ್ಸ್ ಕಥೆ. ಒಂದು ದಿನವೂ "ಎಷ್ಟು ಆಳ ಗೊತ್ತಾ" ಅಂತ ಶುರು ಮಾಡಲಿಲ್ಲ. "ಅಲ್ಲಿ ಹಗ್ಗ ನೆಟ್ಟಗೆ ನಿಲ್ಲುತ್ತೆ" ಅಂತಲೇ ಶುರು.

ಅದರ ಅರ್ಥ ಇಷ್ಟು. ಈ ಆಟದಲ್ಲಿ ಮೇಲೊಂದು ತೇಲು, ಅದರಿಂದ ಕೆಳಕ್ಕೆ ಒಂದು ಹಗ್ಗ, ತುದಿಗೆ ಭಾರ. ಮುಳುಗುವವರು ಹಗ್ಗದ ಪಕ್ಕದಲ್ಲೇ ಇಳಿದು ಪಕ್ಕದಲ್ಲೇ ಹತ್ತುತ್ತಾರೆ. ತೆರೆದ ಕಡಲಿನಲ್ಲಿ ನೂರು ಮೀಟರ್ ಆಳ ಬೇಕೆಂದರೆ ದೋಣಿಯಲ್ಲಿ ದೂರ ಹೋಗಬೇಕು, ಅಲೆ ಮೇಲೆ ಕೂತು ಉಸಿರು ಸಮಾಧಾನಕ್ಕೆ ತರಬೇಕು, ಕೆಳಗೆ ಸೆಳೆತ ಇದ್ದರೆ ಹಗ್ಗ ಗಾಳಿಪಟದ ದಾರದ ಹಾಗೆ ಓರೆಯಾಗುತ್ತದೆ. ಡೀನ್ಸ್‌ನಲ್ಲಿ ಮೂರು ಕಡೆ ಬಂಡೆ, ಒಂದು ಕಡೆ ಮರಳ ದಂಡೆ. ದೊಡ್ಡ ಅಲೆ ಇಲ್ಲ, ಸೆಳೆತ ಇಲ್ಲವೇ ಇಲ್ಲ ಅನ್ನಬಹುದು, ನೀರು ಬೆಚ್ಚಗಿರುತ್ತದೆ. ಮೊಣಕಾಲು ನೀರಿನಲ್ಲಿ ನಡೆದು ಹೋಗಿ ನಾಲ್ಕು ಕೈ ಬೀಸಿದರೆ ಕೆಳಗೆ 202 ಮೀಟರ್. ಬಾಯಿ 25ರಿಂದ 35 ಮೀಟರ್ ಅಗಲ. 20 ಮೀಟರ್ ಇಳಿದರೆ ಒಳಗೆ ಸುಮಾರು ನೂರು ಮೀಟರ್ ಅಗಲದ ಕೋಣೆ. ಹೂಜಿ ನೆನಪಿಸಿಕೊಳ್ಳಿ. ದಂಡೆಯ ಮರಳು ಅಂಚಿನಿಂದ ಜಾರಿ ಜಲಪಾತದ ಹಾಗೆ ಒಳಕ್ಕೆ ಸುರಿಯುತ್ತಿರುತ್ತದಂತೆ.

ಹುಬ್ಬಳ್ಳಿ_ಮಿರ್ಚಿ

ಎಲ್ಲಾ ಖರೇ ರೀ, ಆದ್ರ ಯಾಕ ಇಳೀಬೇಕು? ದುರ್ಯೋಧನ ವೈಶಂಪಾಯನ ಸರೋವರದಾಗ ಜಲಸ್ತಂಭನ ಮಾಡಿ ಕುಂತಿದ್ದ, ಅಂವಾ ಭೀಮಗ ಅಂಜಿ ಕುಂತಿದ್ದ. ಇವ್ರು ಯಾರಿಗೆ ಅಂಜಿ ಇಳೀತಾರ? ಕೆಳಗ ಏನೂ ಇಲ್ಲ, ಕತ್ತಲ. ಮ್ಯಾಲ ಬಂದ್ರ ಮತ್ತ ಅದ ದಂಡಿ. ರೊಕ್ಕಾ ಕೊಟ್ಟು ಉಸರ ಬಿಗಿಹಿಡಿಯೂದು ಅಂದ್ರ ನಮ್ಮಂಥಾ ಮಂದಿಗೆ ತಿಳಿಯಂಗಿಲ್ಲ.

ತಿಪಟೂರು_ತೆಂಗು

ಮಿರ್ಚಿಯವರೇ, ನೀವು ಬಾವಿಯಲ್ಲಿ ಈಜು ಕಲಿತಿಲ್ಲ ಅಂತ ಕಾಣುತ್ತೆ. ನಮ್ಮ ತೋಟದ ಬಾವಿಯಲ್ಲಿ ಮೊದಲ ವರ್ಷ ಸೊಂಟಕ್ಕೆ ಬೆಂಡು ಕಟ್ಟಿ ಬಿಡ್ತಿದ್ರು. ಎರಡನೇ ವರ್ಷ ಬೆಂಡು ಬಿಚ್ಚಿ ನೂಕ್ತಿದ್ರು. ಮೂರನೇ ವರ್ಷ ಶುರುವಾಗ್ತಿತ್ತು ನಿಜವಾದ ಪಂದ್ಯ: ತಳಕ್ಕೆ ಹೋಗಿ ಒಂದು ಹಿಡಿ ಕೆಸರು ತರಬೇಕು. ಖಾಲಿ ಕೈಲಿ ಬಂದು "ಮುಟ್ಟಿದೆ" ಅಂದ್ರೆ ಯಾರೂ ನಂಬ್ತಿರಲಿಲ್ಲ. ನಮ್ಮ ದೊಡ್ಡಪ್ಪನ ಮಗ ಪಕ್ಕದ ಗೋಡೆ ಸಂದಿಯ ಕೆಸರು ಕಿತ್ತು ತಂದು ಸಿಕ್ಕಿಬಿದ್ದಿದ್ದ, ಇವತ್ತಿಗೂ ಅವನಿಗೆ "ಗೋಡೆಕೆಸರು" ಅಂತಲೇ ಹೆಸರು. ಮದುವೆ ಮನೆಯಲ್ಲೂ.

ಯಾಕೆ ಇಳೀತಿದ್ವಿ ಅಂದ್ರೆ ಗೊತ್ತಿಲ್ಲ. ತಳ ಇತ್ತು, ಅಷ್ಟೇ.

ಒಂದು ಪ್ರಶ್ನೆ. ಅರ್ಧ ಬಾವಿ ಇಳಿಯುವಷ್ಟರಲ್ಲಿ ಕಿವಿಗೆ ಸೂಜಿ ಚುಚ್ಚಿದ ಹಾಗೆ ಆಗ್ತಿತ್ತು. ಆ ಗುಂಡಿಯವರಿಗೂ ಹಾಗೇನಾ?

ಒಂದೇದಮ್ಮು

@ತಿಪಟೂರು_ತೆಂಗು ನಿಮ್ಮ ಹಿಡಿಕೆಸರು ಅಲ್ಲೂ ಉಂಟು! ಸ್ಪರ್ಧೆಯಲ್ಲಿ ಹಗ್ಗದ ತುದಿಯ ತಟ್ಟೆಗೆ ಚಿಕ್ಕ ಚೀಟಿಗಳನ್ನು ಅಂಟಿಸಿರುತ್ತಾರೆ. ಒಂದನ್ನು ಕಿತ್ತು ತಂದು ತೀರ್ಪುಗಾರರ ಕೈಗೆ ಕೊಡಬೇಕು. ಗೋಡೆಕೆಸರಿನವರಿಗೆ ಅಲ್ಲಿ ಜಾಗವಿಲ್ಲ. ನಿಮ್ಮ ಬಾವಿ ಎಷ್ಟು ಆಳ?

@ಹುಬ್ಬಳ್ಳಿ_ಮಿರ್ಚಿ ಯಾಕೆ ಅನ್ನುವುದಕ್ಕೆ ನನ್ನ ಅನುಭವ ಹೇಳುತ್ತೇನೆ, ದೊಡ್ಡದೇನಲ್ಲ. ನಾನು ಅತಿ ಹೆಚ್ಚು ಹೋದದ್ದು 24 ಮೀಟರ್.

ಮೊದಲ ಹತ್ತು ಮೀಟರ್ ನೀರು ನಿಮ್ಮನ್ನು ಒಳಗೆ ಸೇರಿಸಿಕೊಳ್ಳುವುದಿಲ್ಲ. ತುಂಬಿದ ಎದೆಯೇ ಬೆಂಡು, ಮೇಲಕ್ಕೆ ಎಳೆಯುತ್ತದೆ. ಜೋರಾಗಿ ಒದೆಯಬೇಕು. ಹತ್ತು ಮೀಟರಿನಲ್ಲಿ ಒತ್ತಡ ಎರಡು ಪಟ್ಟು, ಎದೆಯೊಳಗಿನ ಗಾಳಿ ಅರ್ಧ. ಆಮೇಲೆ ಎಲ್ಲೋ ಒಂದು ಕಡೆ ನೀರು ಒಪ್ಪಿಕೊಂಡ ಹಾಗಾಗುತ್ತದೆ, ಒದೆಯದಿದ್ದರೂ ನಿಂತಲ್ಲೇ ನಿಲ್ಲುತ್ತೀರಿ. ಇನ್ನೂ ಸ್ವಲ್ಪ ಕೆಳಗೆ ಹೋದರೆ ಮೈ ತಾನಾಗಿ ಬೀಳಲು ಶುರು. ಕೈಕಾಲು ಸುಮ್ಮನಿಟ್ಟುಕೊಂಡು ಬೀಳುವುದು. ನನಗೆ ಸಿಕ್ಕಿದ್ದು ಕೊನೆಯ ನಾಲ್ಕೈದು ಮೀಟರ್ ಮಾತ್ರ.

ಆ ನಾಲ್ಕೈದು ಮೀಟರಿನಲ್ಲಿ ಕಂಡದ್ದು: ಮೂಗಿನಿಂದ ಒಂದು ಗೇಣು ದೂರದಲ್ಲಿ ಬಿಳಿ ಹಗ್ಗ ಮೇಲಕ್ಕೆ ಹರಿಯುತ್ತಿತ್ತು. ನಾನು ಕೆಳಗೆ ಹೋಗುತ್ತಿದ್ದೇನೆ ಅನ್ನಿಸಲೇ ಇಲ್ಲ, ಹಗ್ಗವನ್ನು ಯಾರೋ ಮೇಲಿಂದ ಸೇದುತ್ತಿದ್ದಾರೆ ಅನ್ನಿಸಿತು. ಐದೈದು ಮೀಟರಿಗೆ ಸುತ್ತಿದ್ದ ಟೇಪು ಬಂತು, ಹೋಯಿತು. ಕಿವಿಯಲ್ಲಿ ಸದ್ದೇ ಇಲ್ಲ. ಆಫೀಸು, ಇಎಂಐ, ಸಿಲ್ಕ್ ಬೋರ್ಡ್ ಯಾವುದೂ ಇಲ್ಲ. ಆಮೇಲೆ ಎಡಗಿವಿ ಹಿಡಿದುಕೊಂಡಿತು, ಮೂಗು ಒತ್ತಿ ಊದಿದರೂ ಬಿಡಲಿಲ್ಲ, ತಿರುಗಿದೆ. ಹತ್ತುವಾಗ ಹತ್ತು ಮೀಟರಿನ ಹತ್ತಿರ ಗುರುಗಳ ಮುಖ ಎದುರಿಗೆ ಬಂತು. ಅವರು ನೋಡಿದ್ದು ನನ್ನ ಕಣ್ಣು ಮತ್ತು ತುಟಿಯ ಬಣ್ಣ.

ಈಗ ಲೆಕ್ಕ ಹಾಕಿ. ನನಗೆ ನಾಲ್ಕೈದು ಮೀಟರ್ ಸಿಕ್ಕಿದ ಆ ಬೀಳುವಿಕೆ, ನೂರು ಮೀಟರ್ ಹೋಗುವವರಿಗೆ ಎಪ್ಪತ್ತು ಎಂಬತ್ತು ಮೀಟರ್ ಸಿಗುತ್ತದೆ. ನ್ಯೂಜಿಲೆಂಡಿನ ವಿಲಿಯಂ ಟ್ರುಬ್ರಿಜ್ ಡೀನ್ಸ್‌ನಲ್ಲೇ ವರ್ಷಗಟ್ಟಲೆ ತಾಲೀಮು ಮಾಡಿ, 2010ರ ಡಿಸೆಂಬರಿನಲ್ಲಿ ಕಾಲಿಗೆ ರೆಕ್ಕೆ (ಫಿನ್) ಕಟ್ಟದೆ, ಹಗ್ಗ ಹಿಡಿಯದೆ, ಬರೀ ಈಜಿಕೊಂಡು 100 ಮೀಟರ್ ಇಳಿದು ಬಂದರು. ಅಲ್ಲಿ ಒತ್ತಡ ದಂಡೆಯ ಮೇಲಿನದರ 11 ಪಟ್ಟು.

ನಿದ್ದೆಗೆಟ್ಟವ

"ಪ್ರಪಂಚದ ಅತಿ ಆಳದ ಗುಂಡಿ" ಅನ್ನುವುದೂ ಸುಳ್ಳಾ ಹಾಗಾದರೆ? ನಾನು ಹತ್ತು ಜನಕ್ಕೆ ಫಾರ್ವರ್ಡ್ ಮಾಡಿದ್ದೆ.

ಕಲ್ಲುಮಣ್ಣು

ಒಂದು ಕಾಲಕ್ಕೆ ಹಾಗೆಂದೇ ಹೇಳುತ್ತಿದ್ದರು, ನಿಮ್ಮ ತಪ್ಪಲ್ಲ. ಆಮೇಲೆ ದಕ್ಷಿಣ ಚೀನಾ ಸಮುದ್ರದ ಡ್ರ್ಯಾಗನ್ ಹೋಲ್ ಅಳೆದಾಗ 300 ಮೀಟರ್ ದಾಟಿತು. 2023ರ ಡಿಸೆಂಬರಿನಲ್ಲಿ ಮೆಕ್ಸಿಕೋದ ಚೆತುಮಾಲ್ ಕೊಲ್ಲಿಯ ತಾಮ್ ಜಾ ಗುಂಡಿಯಲ್ಲಿ ಉಪಕರಣ 420 ಮೀಟರ್ ತನಕ ಇಳಿದೂ ತಳ ಸಿಗಲಿಲ್ಲ. ಕ್ಯಾಲೆಂಡರ್ ಚಿತ್ರಗಳಲ್ಲಿ ಬರುವ ದುಂಡಗಿನ ಗುಂಡಿ ಬೆಲೀಜ್ ದೇಶದ್ದು, ಅದು 300 ಮೀಟರಿಗೂ ಹೆಚ್ಚು ಅಗಲ, ಆಳ ಸುಮಾರು 124.

ಭೂವಿಜ್ಞಾನ ಪಾಠ ಮಾಡುವವನು ನಾನು, ಸ್ವಲ್ಪ ಕೊರೆಯುತ್ತೇನೆ.

ಬಹಾಮಾಸ್ ಅಂದರೆ ಸುಣ್ಣಕಲ್ಲಿನ ದೊಡ್ಡ ಜಗುಲಿ. ಮಳೆನೀರು ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಚೂರು ಹುಳಿಯಾಗುತ್ತದೆ, ಆ ಹುಳಿ ಸುಣ್ಣಕಲ್ಲನ್ನು ನಿಧಾನಕ್ಕೆ ಕರಗಿಸುತ್ತದೆ. ನಮ್ಮವರು ವೀಕೆಂಡಿಗೆ ಹೋಗುವ ಕರ್ನೂಲು ಕಡೆಯ ಬೇಲಂ ಗುಹೆಯ ಕಥೆಯೂ ಇದೇ. ಸುಮಾರು 20,000 ವರ್ಷದ ಹಿಂದೆ, ಹಿಮಯುಗದ ಉತ್ತುಂಗದಲ್ಲಿ, ಸಮುದ್ರ ಈಗಿನದಕ್ಕಿಂತ 120 ಮೀಟರಿನಷ್ಟು ಕೆಳಗಿತ್ತು. ಇವತ್ತು ಮುಳುಗಿರುವ ಗುಹೆಗಳೆಲ್ಲ ಆಗ ಒಣನೆಲದ ಗುಹೆಗಳು. ಬೆಲೀಜ್ ಗುಂಡಿಯೊಳಗೆ ಇಳಿದರೆ ಚಾವಣಿಯಿಂದ ಇಳಿಬಿದ್ದ ಸುಣ್ಣದ ಕೊಂಬುಗಳು ಕಾಣುತ್ತವೆ. ಅವು ಗಾಳಿಯಲ್ಲಿ ಹನಿ ತೊಟ್ಟಿಕ್ಕಿ ಆಗುವಂಥವು, ನೀರೊಳಗೆ ಬೆಳೆಯುವುದಿಲ್ಲ.

ತರಗತಿಯಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ಸಮುದ್ರ ಇಳಿದದ್ದೇ 120, ಗುಂಡಿ 202 ಹೇಗಾಯಿತು ಸರ್? ಒಳ್ಳೆಯ ಪ್ರಶ್ನೆ. ಕಲ್ಲು ಕರಗಲು ಒಣನೆಲವೇ ಬೇಕೆಂದಿಲ್ಲ. ನೆಲದಡಿಯಲ್ಲಿ ಸಿಹಿನೀರೂ ಉಪ್ಪುನೀರೂ ಸೇರುವ ಪದರದಲ್ಲಿ ಸುಣ್ಣಕಲ್ಲು ಇನ್ನೂ ಚುರುಕಾಗಿ ಕರಗುತ್ತದೆ. ಎರಡೂ ಬೇರೆ ಬೇರೆ ಇದ್ದಾಗ ಸುಮ್ಮನಿರುವ ನೀರು, ಬೆರೆತಾಗ ತಿನ್ನಲು ಶುರು ಮಾಡುತ್ತದೆ. ಹೀಗೆ ಆಳದಲ್ಲಿ ಪೊಳ್ಳಾಗುತ್ತದೆ, ಮೇಲಿನ ಚಾವಣಿ ತುಂಡು ತುಂಡಾಗಿ ಕುಸಿಯುತ್ತ ಬರುತ್ತದೆ, ಕೊನೆಗೊಂದು ದಿನ ಬಾಯಿ ತೆರೆಯುತ್ತದೆ. ಒಂದೇದಮ್ಮು ಹೇಳಿದ ಹೂಜಿಯ ಆಕಾರ ಆ ಕುಸಿತದ ಗುರುತು. ಬಾಯಿ ಸಣ್ಣದಿದ್ದು ಹೊಟ್ಟೆ ದೊಡ್ಡದಿರುವುದರಿಂದಲೇ ಒಳಗೆ ಬೇಗ ಕತ್ತಲಾಗುವುದು.

ಕಿವಿಮೂಗುಗಂಟಲು

ತಿಪಟೂರಿನವರ ಪ್ರಶ್ನೆ ನನ್ನ ಇಲಾಖೆ. ಹೌದು, ಅದೇ ನೋವು. ಕಿವಿ ತಮಟೆಯ ಹೊರಗೆ ನೀರಿನ ಒತ್ತಡ ಏರುತ್ತದೆ, ಒಳಗಿನ ಗಾಳಿ ಅಷ್ಟೇ ಇರುತ್ತದೆ. ಗಂಟಲಿನಿಂದ ಕಿವಿಗೆ ಹೋಗುವ ಸಣ್ಣ ನಾಳದ ಮೂಲಕ ಗಾಳಿ ತಳ್ಳಿ ಸರಿದೂಗಿಸಬೇಕು. ಆಳಕ್ಕೆ ಹೋಗುವವರು ಎದೆ ಪೂರ್ತಿ ಕುಗ್ಗುವ ಮುಂಚೆಯೇ ಒಂದು ಬಾಯಿ ಗಾಳಿ ಕೆನ್ನೆಯಲ್ಲಿ ತುಂಬಿಟ್ಟುಕೊಂಡು, ಅದನ್ನೇ ಚೂರುಚೂರಾಗಿ ಕಿವಿಗೆ ಖರ್ಚು ಮಾಡುತ್ತ ಇಳಿಯುತ್ತಾರೆ. ಬಹಳ ಜನ ತಿರುಗುವುದು ಉಸಿರು ಸಾಲದೆ ಅಲ್ಲ, ಆ ಕೆನ್ನೆಯ ಗಾಳಿ ಮುಗಿದು.

"ಯೋಗಶಕ್ತಿ" ಬಗ್ಗೆ: ಶಿಸ್ತು, ಉಸಿರಿನ ಅಭ್ಯಾಸ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಅಡಿಪಾಯ ಹುಟ್ಟಿನಿಂದಲೇ ಬಂದದ್ದು. ಮುಖಕ್ಕೆ ತಣ್ಣೀರು ತಾಗಿ ಉಸಿರು ನಿಂತರೆ ಎದೆಬಡಿತ ಇಳಿಯುತ್ತದೆ, ಕೈಕಾಲಿನ ರಕ್ತನಾಳ ಬಿಗಿದು ರಕ್ತ ಎದೆಗೂ ಮಿದುಳಿಗೂ ಸರಿಯುತ್ತದೆ. ಸ್ಪ್ಲೀನ್, ಅಂದರೆ ನಮ್ಮ ಕನ್ನಡ ಪಠ್ಯಪುಸ್ತಕದ ಗುಲ್ಮ, ಹಿಂಡಿಕೊಂಡು ತನ್ನಲ್ಲಿರುವ ಕೆಂಪು ರಕ್ತಕಣಗಳನ್ನು ಹೊರಬಿಡುತ್ತದೆ. ಆಗ್ನೇಯ ಏಷ್ಯಾದ ಬಜಾವ್ ಜನ ತಲೆತಲಾಂತರದಿಂದ ಮುಳುಗಿ ಬದುಕುವವರು. ಅವರ ಗುಲ್ಮ ನೆರೆಯ ಊರಿನವರದಕ್ಕಿಂತ ಶೇಕಡ 50ರಷ್ಟು ದೊಡ್ಡದು ಅಂತ 2018ರ ಅಧ್ಯಯನವೊಂದು ತೋರಿಸಿತು.

ಈಗ ಬೈಯುವ ಭಾಗ. ಉಸಿರು ಹಿಡಿದಾಗ ಎದೆ ಒದ್ದಾಡುವುದು ಆಕ್ಸಿಜನ್ ಮುಗಿದದ್ದಕ್ಕಲ್ಲ, ಕಾರ್ಬನ್ ಡೈಆಕ್ಸೈಡ್ ಏರಿದ್ದಕ್ಕೆ. ಹುಡುಗರು ಮುಳುಗುವ ಮುಂಚೆ ಬುಸುಬುಸು ಅಂತ ಇಪ್ಪತ್ತು ಸಲ ಉಸಿರಾಡುತ್ತಾರಲ್ಲ, ಅದರಿಂದ ಆಕ್ಸಿಜನ್ ಹೆಚ್ಚೇನೂ ಸೇರುವುದಿಲ್ಲ. ಕಾರ್ಬನ್ ಡೈಆಕ್ಸೈಡ್ ಮಾತ್ರ ಖಾಲಿಯಾಗುತ್ತದೆ, ಎಚ್ಚರಿಕೆಯ ಗಂಟೆಯನ್ನೇ ಬಿಚ್ಚಿಟ್ಟ ಹಾಗೆ. ಒದ್ದಾಟವೇ ಬರದೆ ಪ್ರಜ್ಞೆ ಹೋಗುತ್ತದೆ. ಅದೂ ಆಳದಲ್ಲಿ ಅಲ್ಲ, ಬಹುಪಾಲು ಮೇಲಿನ ಹತ್ತು ಮೀಟರಿನಲ್ಲಿ. ಕೆಳಗೆ ನೀರಿನ ಒತ್ತಡವೇ ಉಳಿದ ಆಕ್ಸಿಜನ್ನನ್ನು ರಕ್ತಕ್ಕೆ ತಳ್ಳುತ್ತಿರುತ್ತದೆ, ಮೇಲೆ ಬಂದಂತೆ ಆ ಒತ್ತು ತಪ್ಪುತ್ತದೆ. ಬೆಳಕು ಕಾಣಿಸುತ್ತಿರುತ್ತದೆ, ಇನ್ನು ನಾಲ್ಕು ಒದೆತ, ಅಷ್ಟರಲ್ಲಿ ದೀಪ ಆರುತ್ತದೆ. ಈಜುಕೊಳದಲ್ಲೂ ಕಲ್ಲು ಕ್ವಾರಿ ಹೊಂಡದಲ್ಲೂ ಹೀಗೆ ಆಗುತ್ತದೆ. ಒಬ್ಬರೇ ಯಾವತ್ತೂ ಮಾಡಬೇಡಿ. ಒಬ್ಬರು ಕೆಳಗೆ, ಒಬ್ಬರು ಮೇಲೆ.

ಮಲ್ಪೆ_ಮಾರಾಯ

ಎಂಥ ಮಾರಾಯ್ರೆ, ನಮ್ಮ ಮಾವ ಪಚ್ಚಿಲೆ (ಬಂಡೆಗೆ ಅಂಟುವ ಕಡಲ ಚಿಪ್ಪು) ತೆಗಿಲಿಕ್ಕೆ ಬಂಡೆ ಬುಡಕ್ಕೆ ಮೂರು ಮಾರು ನಾಲ್ಕು ಮಾರು ಮುಳುಗುತ್ತಿದ್ದರು. ಸೊಂಟಕ್ಕೆ ಚೀಲ, ಕೈಯಲ್ಲಿ ಕಬ್ಬಿಣದ ಪಟ್ಟಿ, ಕಣ್ಣಿಗೆ ಏನೂ ಇಲ್ಲ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಎಷ್ಟು ಸಲ ಇಳಿದರೋ ಅವರಿಗೇ ಲೆಕ್ಕ ಇಲ್ಲ. ಅವರಿಗೆ ಈ ಗುಂಡಿ ವಿಡಿಯೊ ತೋರಿಸಿದೆ. ಪೂರ್ತಿ ನೋಡಿದರು. ಆಮೇಲೆ ಕೇಳಿದ್ದು ಒಂದೇ: "ಕೆಳಗಿಂದ ಎಂಥ ತಂದ?" ಚೀಟಿ ಅಂತ ಹೇಳಿದೆ. "ಚೀಟಿಯಾ?" ಅಂತ ಹೇಳಿ ಎದ್ದು ಹೋದರು.

ನೇತ್ರಾಣಿ ದ್ವೀಪದಲ್ಲಿ ಇದನ್ನು ಮಾಡ್ಲಿಕ್ಕೆ ಆಗ್ತದಾ ಅಂತ ಯಾರಾದ್ರೂ ಕೇಳ್ತೀರಿ, ನಾನೇ ಕೇಳಿಬಿಡ್ತೇನೆ.

ಒಂದೇದಮ್ಮು

ಮಾವನಿಗೆ ನನ್ನ ದೊಡ್ಡ ನಮಸ್ಕಾರ. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ಸ್ಕೂಬಾಕ್ಕೆ, ಅಂದರೆ ಸಿಲಿಂಡರ್ ಹೊತ್ತು ಮುಳುಗುವುದಕ್ಕೆ, ಚೆನ್ನ. ಆದರೆ ಅದು ತೆರೆದ ಕಡಲು, ಅಲೆ ಸೆಳೆತ ಎರಡೂ ಇದೆ, ಹಗ್ಗ ಇಳಿಬಿಟ್ಟು ಆಳಕ್ಕೆ ತಾಲೀಮು ಮಾಡುವ ಜಾಗ ಅಲ್ಲ. ಕಲಿಯಬೇಕಾದರೆ ಅಂಡಮಾನಿನಲ್ಲಿ ಕಲಿಸುವವರಿದ್ದಾರೆ.

ದೋಹಾ_ಕನ್ನಡತಿ

ದಹಾಬ್ ಹೆಸರು ಬಂತಲ್ಲ, ನಾನೂ ಮಾತಾಡಬಹುದು. ನಾನು ಸ್ಕೂಬಾದವಳು. ಅಲ್ಲಿನ ಬ್ಲೂ ಹೋಲ್ ದಂಡೆಗೆ ಅಂಟಿಕೊಂಡೇ ಇದೆ, ಚಹಾ ಅಂಗಡಿಯ ಚಾಪೆಯಿಂದ ಎದ್ದು ಹತ್ತು ಹೆಜ್ಜೆ. ಆದರೆ ಚಹಾ ಕುಡಿಯುತ್ತ ಪಕ್ಕದ ಬಂಡೆ ನೋಡಿದರೆ ಅಲ್ಲಿ ಕಲ್ಲಿಗೆ ಹೊಡೆದ ಫಲಕಗಳು, ಹೆಸರು, ಹುಟ್ಟಿದ ದಿನ, ಸತ್ತ ದಿನ. ಬಹುತೇಕ ಎಲ್ಲ ಇಪ್ಪತ್ತು ಮೂವತ್ತರ ಹುಡುಗರು. ನನಗೆ ಚಹಾ ಇಳಿಯಲಿಲ್ಲ.

ಅಲ್ಲಿ ಸುಮಾರು 55 ಮೀಟರ್ ಆಳದಲ್ಲಿ ಗುಂಡಿಯಿಂದ ಹೊರ ಸಮುದ್ರಕ್ಕೆ ಒಂದು ಕಮಾನು ಇದೆ, ಸುರಂಗದ ಹಾಗೆ 26 ಮೀಟರ್ ಉದ್ದ. ನಮ್ಮಂಥ ಸಾಮಾನ್ಯ ಸ್ಕೂಬಾದವರಿಗೆ ಮಿತಿ 40 ಮೀಟರ್. ಅದನ್ನು ಮೀರಿ ಕಮಾನು ನೋಡಲು ಹೋದವರಿಗೆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ನೈಟ್ರೋಜನ್‌ನಿಂದ ಕುಡಿದವರ ಹಾಗೆ ಅಮಲೇರುತ್ತದೆ, ಆಚೆಯ ನೀಲಿ ಬೆಳಕು ಹತ್ತಿರದಲ್ಲೇ ಇದ್ದಂತೆ ಕಾಣುತ್ತದೆ, ಸಿಲಿಂಡರ್ ಮುಗಿಯುತ್ತದೆ. ಫಲಕಗಳಲ್ಲಿ ಹೆಚ್ಚಿನವು ಸ್ಕೂಬಾದವರದ್ದು, ಫ್ರೀಡೈವಿಂಗಿನವರದ್ದಲ್ಲ. ಇದನ್ನು ಒಪ್ಪಿಕೊಳ್ಳಲು ನಮ್ಮ ಕಡೆಯವರಿಗೆ ಸ್ವಲ್ಪ ಕಷ್ಟ.

ಆದರೆ ಅವರ ಕಡೆಯೂ ಸಾವಿದೆ. 2017ರ ಜುಲೈಯಲ್ಲಿ ಇಟಲಿಯ ಅಲೆಸ್ಸಿಯಾ ಜೆಕ್ಕಿನಿ ಒಂದೇ ಉಸಿರಿನಲ್ಲಿ ಆ ಕಮಾನು ದಾಟುತ್ತಿದ್ದಾಗ, ಕಾವಲಿಗೆ ಇಳಿದಿದ್ದವರು ಐರ್ಲೆಂಡಿನ ಸ್ಟೀಫನ್ ಕೀನನ್. ಆಕೆ ಹಗ್ಗದಿಂದ ದಾರಿ ತಪ್ಪಿದರು. ಅವರು ಆಕೆಯನ್ನು ಹಿಡಿದು ಮೇಲಕ್ಕೆ ತಂದರು. ಆಕೆ ಉಳಿದರು, ಅವರು ಉಳಿಯಲಿಲ್ಲ.

ಒಂದೇದಮ್ಮು ಅವರೇ, "ಆಮೇಲೆ ಬರುತ್ತೇನೆ" ಅಂದಿರಿ. ಬರಲಿಲ್ಲ.

ಒಂದೇದಮ್ಮು

ಬಂದೆ ಅಕ್ಕಾ. ತಪ್ಪಿಸಿಕೊಳ್ಳುತ್ತಿದ್ದೆ ಅನ್ನುವುದೂ ನಿಜ.

ಡೀನ್ಸ್‌ನಲ್ಲಿ ಟ್ರುಬ್ರಿಜ್ ಅವರೇ 2008ರಿಂದ ವರ್ಟಿಕಲ್ ಬ್ಲೂ ಅನ್ನುವ ಸ್ಪರ್ಧೆ ನಡೆಸುತ್ತ ಬಂದರು. ಅಲ್ಲಿ ಮೇಲೆ ಬಂದ ಮೇಲಿನ 15 ಸೆಕೆಂಡು ಮುಖ್ಯ. ಮುಖದ ಮೇಲಿನ ಕನ್ನಡಕ, ಮೂಗಿನ ಕ್ಲಿಪ್ಪು ತೆಗೆಯಬೇಕು. ಬೆರಳಲ್ಲಿ ಓಕೆ ಸನ್ನೆ ಮಾಡಬೇಕು. "ಐ ಆಮ್ ಓಕೆ" ಅನ್ನಬೇಕು. ಇದೇ ಕ್ರಮದಲ್ಲಿ. ಆಗ ಬಿಳಿ ಕಾರ್ಡು. ನೂರು ಮೀಟರ್ ಹೋಗಿ ಬಂದು ಕ್ರಮ ತಪ್ಪಿದರೆ ಕೆಂಪು. ಹುಚ್ಚಾಟದ ನಿಯಮ ಅನ್ನಿಸಬಹುದು, ಆದರೆ ಮಿದುಳು ಎಚ್ಚರವಿದೆಯೇ ಅಂತ ತಿಳಿಯಲು ಅದಕ್ಕಿಂತ ಸರಳ ಪರೀಕ್ಷೆ ನನಗಂತೂ ಹೊಳೆಯುವುದಿಲ್ಲ.

2013ರ ನವೆಂಬರ್ 17. ಅಮೆರಿಕದ ನಿಕೋಲಸ್ ಮೆವೊಲಿ, 32 ವರ್ಷ. ಕಾಲಿಗೆ ರೆಕ್ಕೆ ಇಲ್ಲದೆ 72 ಮೀಟರ್, ಅವರ ದೇಶದ ದಾಖಲೆಗೆ. 68 ಮೀಟರಿನ ಹತ್ತಿರ ನಿಂತರು, ತಿರುಗುವ ಹಾಗೆ ಕಂಡಿತು. ಮತ್ತೆ ಕೆಳಗೆ ಹೋದರು. 3 ನಿಮಿಷ 38 ಸೆಕೆಂಡಿಗೆ ಮೇಲೆ ಬಂದು ಸನ್ನೆಯನ್ನೂ ಮಾಡಿದರು. ಮಾತು ಹೊರಡಲಿಲ್ಲ, ಸ್ವಲ್ಪ ಹೊತ್ತಿಗೆ ಪ್ರಜ್ಞೆ ಹೋಯಿತು. ಒತ್ತಡಕ್ಕೆ ಶ್ವಾಸಕೋಶ ಗಾಯಗೊಂಡಿತ್ತು. ವೈದ್ಯರು ಪಕ್ಕದಲ್ಲೇ ಇದ್ದರೂ ಉಳಿಸಲಾಗಲಿಲ್ಲ.

ಅಲೆ ಇರಲಿಲ್ಲ, ಸೆಳೆತ ಇರಲಿಲ್ಲ. ಹಗ್ಗ ನೆಟ್ಟಗೇ ಇತ್ತು. ಇಲ್ಲೇ ನನಗೆ ಆ ಗುಂಡಿಯ ಬಗ್ಗೆ ಒಂದು ಅಸಮಾಧಾನ ಇರುವುದು. ತೆರೆದ ಕಡಲಿನಲ್ಲಿ ಇವತ್ತು ಸೆಳೆತ ಜಾಸ್ತಿ ಅಂತ ವಾಪಸ್ ಬರಲು ನೆಪ ಸಿಗುತ್ತದೆ. ಡೀನ್ಸ್‌ನಲ್ಲಿ ನಿನ್ನೆಯೂ ಅದೇ ನೀರು, ಇವತ್ತೂ ಅದೇ ನೀರು. ನಿನ್ನೆ 68 ಆದರೆ ಇವತ್ತು ಯಾಕೆ 69 ಆಗಬಾರದು? ತಡೆಯುವುದು ನಮ್ಮ ಮೈ ಮಾತ್ರ, ಮೈ ಹೇಳುವುದನ್ನು ಕೇಳಿಸಿಕೊಳ್ಳದೆ ಇರುವುದನ್ನೇ ಈ ಆಟದಲ್ಲಿ ಮೊದಲು ಕಲಿಸುವುದು. ನನ್ನ 24 ಮೀಟರಿಗೇ ರಾತ್ರಿ ಮಲಗಿ 25 ಅಂತ ಎಣಿಸಿದ್ದೆ. ಮರುದಿನ ಕಿವಿ ನೋವಿತ್ತು, ಯಾರಿಗೂ ಹೇಳದೆ ನೀರಿಗೆ ಇಳಿದಿದ್ದೆ. ಗುರುಗಳು ಮುಖ ನೋಡಿಯೇ ವಾಪಸ್ ಕಳಿಸಿದರು.

ಟ್ರುಬ್ರಿಜ್ ಅವರದೇ ಇನ್ನೊಂದು ಸಂಗತಿ. 2014ರ ಡಿಸೆಂಬರಿನಲ್ಲಿ 102 ಮೀಟರ್ ಪ್ರಯತ್ನ, ಅವರ ದೇಶದ ಟಿವಿಯಲ್ಲಿ ನೇರಪ್ರಸಾರ. ತಟ್ಟೆ ಮುಟ್ಟಿದರು, ಹತ್ತುವಾಗ ದಂಡೆಯ ಬೆಳಕು ಕಾಣುವ ದೂರದಲ್ಲಿ ಉಸಿರು ಸಾಲದೆ ಹೋಗಿ ಕಾವಲಿನವರು ಹಿಡಿದು ತರಬೇಕಾಯಿತು. ಅದೇ 102ನ್ನು ಅವರು ಮಾಡಿ ಮುಗಿಸಿದ್ದು 2016ರ ಜುಲೈಯಲ್ಲಿ, 4 ನಿಮಿಷ 14 ಸೆಕೆಂಡಿನಲ್ಲಿ. ಎರಡು ಮೀಟರಿಗೆ ಐದೂವರೆ ವರ್ಷ! ವಾಟ್ಸಾಪಿನವರು ಒಂದು ಸಾಲಿನಲ್ಲಿ ಇನ್ನೂ ನೂರು ಮೀಟರ್ ಸೇರಿಸಿಬಿಟ್ಟರು.

ಹುಬ್ಬಳ್ಳಿ_ಮಿರ್ಚಿ

ಈಗ ತಿಳೀತ್ರಿ ಸ್ವಲ್ಪ. ಇಳಿಯೂದಿಲ್ಲ ಮಾತ್ರ.

ನಿದ್ದೆಗೆಟ್ಟವ

ಹತ್ತು ಜನಕ್ಕೂ ತಿದ್ದುಪಡಿ ಕಳಿಸಿದೆ. ಒಬ್ಬರೂ ಓದಿಲ್ಲ. ಒಬ್ಬರು ಗುಡ್ ಮಾರ್ನಿಂಗ್ ಕಳಿಸಿದ್ದಾರೆ.

ತಿಪಟೂರು_ತೆಂಗು

ತಡವಾಯ್ತು, ಕ್ಷಮಿಸಿ. ಬಾವಿ ಆಳ ಕೇಳಿದ್ರಲ್ಲ, ಭಾನುವಾರ ಊರಿಗೆ ಹೋಗಿದ್ದೆ. ಹಗ್ಗಕ್ಕೆ ಕಲ್ಲು ಕಟ್ಟಿ ಬಿಟ್ಟು ಅಳತೆ ಹಾಕಿದೆ. ಕಟ್ಟೆಯಿಂದ ತಳಕ್ಕೆ 46 ಅಡಿ. ನಾವು ಚಿಕ್ಕವರಿದ್ದಾಗ ಮಳೆಗಾಲ ಮುಗಿದ ಮೇಲೆ ನೀರು ಆರಡಿ ಕೆಳಗೆ ನಿಲ್ತಿತ್ತು, ಅಂದ್ರೆ ನಾವು ಇಳೀತಿದ್ದದ್ದು 40 ಅಡಿ. ಈಗ ನೀರಿರೋದು ಮೊಣಕಾಲುದ್ದ, ಬೋರ್‌ವೆಲ್ ಹಾಕಿದ ಮೇಲೆ ಯಾರೂ ಬಗ್ಗಿ ನೋಡಿಲ್ಲ. ಅಳೀತಾ ಇದ್ದಾಗ ಗೋಡೆಕೆಸರು ಬಂದು ಪಕ್ಕದಲ್ಲಿ ನಿಂತ. 40 ಅಡಿ ಅಂದ್ರೆ ಹನ್ನೆರಡು ಮೀಟರ್, ಒತ್ತಡ ಎರಡು ಪಟ್ಟು ದಾಟುತ್ತೆ, ನಿನ್ನ ಕಿವಿ ಹಿಡ್ಕೊಳ್ತಿತ್ತು, ಅದಕ್ಕೇ ನಿನಗೆ ತಳಕ್ಕೆ ಹೋಗೋಕೆ ಆಗ್ತಿರಲಿಲ್ಲ ಅಂತ ಡಾಕ್ಟರ್ ಹೇಳಿದ್ದನ್ನೆಲ್ಲ ಅವನಿಗೆ ವಿವರಿಸಿದೆ. ಸುಮ್ಮನೆ ಕೇಳಿಸಿಕೊಂಡ. "ಇದನ್ನ ಮೂವತ್ತು ವರ್ಷದ ಹಿಂದೆ ಹೇಳಬಾರದಾಗಿತ್ತೇನೋ" ಅಂದ.

ಡಾಕ್ಟರೇ, ಆಗೆಲ್ಲ ಕಿವಿ ನೋವಿಗೆ ಅಜ್ಜಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡ್ತಿದ್ಲು. ಸರೀನಾ?

ಕಿವಿಮೂಗುಗಂಟಲು

ಅಜ್ಜಿಯ ಮೇಲೆ ಗೌರವವಿದೆ. ಬಿಡಬೇಡಿ.